ಪಕ್ಕದ ಮನೆಯ ಬ್ರೆಡ್ಡು, ಭಾನುವಾರದ ಕರೆ: ಯೂಟಾದ ಮಾರ್ಮನ್ ಬೀದಿಯಲ್ಲಿ ನಾವು ಹೇಗಿರಬೇಕು?

ಪ್ರಶ್ನೆ: ನಾವು ಬೆಂಗಳೂರಿನವರು. ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ. ಕಳೆದ ವರ್ಷ ಅಮೆರಿಕದ ಯೂಟಾ ರಾಜ್ಯದ ಲೀಹೈಗೆ ಬಂದೆವು. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾರ್ಮನ್ನರು, ಅಂದರೆ ಅಮೆರಿಕದಲ್ಲೇ ಹುಟ್ಟಿದ, ಯೇಸುವನ್ನು ನಂಬುವ ಒಂದು ಚರ್ಚಿನವರು. ಬಂದ ವಾರವೇ ಅಕ್ಕಪಕ್ಕದವರು ಬ್ರೆಡ್ಡು, ಕುಕೀಸ್ ತಂದುಕೊಟ್ಟರು. ಚಳಿಗಾಲದಲ್ಲಿ ನಾವು ಏಳುವ ಮೊದಲೇ ಯಾರೋ ನಮ್ಮ ಮನೆ ಮುಂದಿನ ಹಿಮ ಎತ್ತಿಹಾಕಿರುತ್ತಾರೆ. ಜೊತೆಗೆ ಭಾನುವಾರ ಚರ್ಚಿಗೆ ಬನ್ನಿ ಅಂತಲೂ ಕರೆಯುತ್ತಾರೆ. ಎದೆ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡ ಇಬ್ಬರು ಹುಡುಗಿಯರು ಆಗಾಗ ಬಾಗಿಲು ತಟ್ಟುತ್ತಾರೆ. 7 ವರ್ಷದ ಮಗ, 'ನನ್ನ ಫ್ರೆಂಡ್ಸ್‌ಗೆಲ್ಲ 8 ವರ್ಷಕ್ಕೆ ಬ್ಯಾಪ್ಟಿಸಂ ಆಗುತ್ತಂತೆ, ನನಗ್ಯಾವಾಗ?' ಎಂದು ಕೇಳುತ್ತಾನೆ (ನೀರಿನಲ್ಲಿ ಮುಳುಗಿಸಿ ಚರ್ಚಿಗೆ ಸೇರಿಸಿಕೊಳ್ಳುವ ಸಂಸ್ಕಾರ ಅದು). ಮಗಳಿಗೆ 15. ಅವಳ ಗೆಳತಿಯರೆಲ್ಲ ಸ್ಕೂಲಿನ ಮಧ್ಯೆ ಒಂದು ಪೀರಿಯಡ್ ಪಕ್ಕದ ಕಟ್ಟಡಕ್ಕೆ ಹೋಗುತ್ತಾರೆ. ಬುಧವಾರ ಸಂಜೆ ಒಬ್ಬರೂ ಸಿಗುವುದಿಲ್ಲ. ಇವಳು ಒಂಟಿಯಾಗುತ್ತಿದ್ದಾಳೆ. ಇದೆಲ್ಲ ಮತಕ್ಕೆ ಸೇರಿಸುವ ಉಪಾಯ, ದೂರ ಇರೋಣ ಎನ್ನುತ್ತಾರೆ ಯಜಮಾನರು. ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಇದೇ ಚಿಂತೆ. ಇವರ ಪ್ರೀತಿ ನಿಜವಾ? ನಾವು ಎಷ್ಟು ಹತ್ತಿರ ಹೋಗಬಹುದು?

ಉತ್ತರ: ಪ್ರೀತಿ ನಿಜ. ನೀವು ತಮ್ಮ ಮತಕ್ಕೆ ಬರಲಿ ಎಂಬ ಆಸೆಯೂ ನಿಜ. ಎರಡೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರುತ್ತವೆ. ನಿಮ್ಮ ಯಜಮಾನರು ಆ ಆಸೆಯನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಅದರಿಂದಾಗಿ ಪ್ರೀತಿ ಸುಳ್ಳು ಎಂದುಕೊಂಡರೆ ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಸಲಹೆ ಇಷ್ಟು: ನಾವು ಮತ ಬದಲಿಸುವವರಲ್ಲ ಎಂದು ಬೇಗ, ಸ್ಪಷ್ಟವಾಗಿ, ನಗುಮುಖದಿಂದ ಹೇಳಿಬಿಡಿ. ಹೇಳಿದ ಮೇಲೆ ಹಿಂದೆ ಸರಿಯಬೇಡಿ, ಇನ್ನೂ ಹತ್ತಿರ ಹೋಗಿ. ಯೂಟಾಕ್ಕೆ ಬರುವ ನಮ್ಮವರಲ್ಲಿ ಜಾಸ್ತಿ ಜನ ಇದರ ತಿರುಗುಮುರುಗು ಮಾಡುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಸಂಕೋಚಕ್ಕೆ 'ನೋಡೋಣ, ಬರ್ತೀವಿ' ಎನ್ನುತ್ತಾರೆ, ಆಮೇಲೆ ಬಾಗಿಲು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಕೊನೆಗೆ ಎರಡೂ ಕಡೆಯವರಿಗೆ ನೋವು.

ನಿಮ್ಮ ಬೀದಿಯಲ್ಲಿ ನಡೆಯುತ್ತಿರುವುದು ಅರ್ಥವಾಗಬೇಕಾದರೆ ವಾರ್ಡ್ ಎಂಬ ವ್ಯವಸ್ಥೆ ಗೊತ್ತಿರಬೇಕು. ಅವರ ಸ್ಥಳೀಯ ಸಭೆಗೆ ವಾರ್ಡ್ ಎನ್ನುತ್ತಾರೆ. ಇಷ್ಟಬಂದ ಚರ್ಚನ್ನು ಅವರು ಆರಿಸಿಕೊಳ್ಳುವ ಹಾಗಿಲ್ಲ. ನಕ್ಷೆಯ ಮೇಲೆ ಗೆರೆ ಹಾಕಿರುತ್ತಾರೆ, ಮನೆ ಯಾವ ಗೆರೆಯೊಳಗಿದೆಯೋ ಅದೇ ಅವರ ವಾರ್ಡ್. ಲೀಹೈಯಂಥ ಊರಿನಲ್ಲಿ ಮಾರ್ಮನ್ನರು ಎಷ್ಟು ಒತ್ತೊತ್ತಾಗಿ ಇದ್ದಾರೆಂದರೆ ಕೆಲವೇ ಬೀದಿಗಳಿಗೆ ಒಂದು ವಾರ್ಡ್ ಆಗಿಬಿಡುತ್ತದೆ. ಅದರ ಮುಖ್ಯಸ್ಥ ಬಿಷಪ್. ಅವರು ಸಂಬಳ ತೆಗೆದುಕೊಳ್ಳುವ ಪಾದ್ರಿ ಅಲ್ಲ. ನಿಮ್ಮ ಬೀದಿಯ ಹಲ್ಲಿನ ಡಾಕ್ಟರೋ, ಎಂಜಿನಿಯರೋ, ಕಂಟ್ರಾಕ್ಟರೋ ಆಗಿರಬಹುದು. ಸುಮಾರು 5 ವರ್ಷ ಆ ಜವಾಬ್ದಾರಿ ಹೊತ್ತು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಉಳಿದವರಿಗೂ ಒಂದೊಂದು ಕೆಲಸ ಇರುತ್ತದೆ, ಅದಕ್ಕೆ ಕಾಲಿಂಗ್ ಎನ್ನುತ್ತಾರೆ. ಒಬ್ಬರು ಚಿಕ್ಕ ಮಕ್ಕಳ ತರಗತಿ ನೋಡಿಕೊಂಡರೆ ಇನ್ನೊಬ್ಬರು ಪಿಯಾನೋ ನುಡಿಸುತ್ತಾರೆ, ಮತ್ತೊಬ್ಬರು ಹದಿಹರೆಯದವರ ಕ್ಯಾಂಪ್ ನಡೆಸುತ್ತಾರೆ. ಹೆಂಗಸರಿಗೆ ರಿಲೀಫ್ ಸೊಸೈಟಿ ಎಂಬ ಸಂಘ ಇದೆ, 1842ರಲ್ಲಿ ಶುರುವಾದದ್ದು. ಬಾಣಂತಿ ಮನೆಗೆ ಊಟ ಕಳಿಸುವುದು, ಸಾವಾದ ಮನೆಗೆ ಅಡುಗೆ ಮಾಡಿಕೊಡುವುದು, ಹೊಸದಾಗಿ ಬಂದವರನ್ನು ವಿಚಾರಿಸುವುದು ಇವರ ಕೈಯಲ್ಲೇ ಇರುತ್ತದೆ.

ಸಣ್ಣ ಹಳ್ಳಿಯಲ್ಲಿ ಜಾತ್ರೆ ಕಮಿಟಿ, ಶಾಲೆ ಕಮಿಟಿ, ಕಷ್ಟಕ್ಕೆ ಓಡಿ ಬರುವವರು ಎಲ್ಲ ಅದದೇ ಮನೆಗಳವರಾಗಿರುತ್ತಾರಲ್ಲ, ವಾರ್ಡ್ ಕೂಡ ಹಾಗೆಯೇ. ಅದರೊಳಗೆ ಇದ್ದವರಿಗೆ ದೊಡ್ಡ ಆಸರೆ. ಹೊರಗೆ ಇದ್ದವರಿಗೆ ಆಗುವ ಕಷ್ಟ ದ್ವೇಷದಿಂದ ಬರುವುದಿಲ್ಲ, ಸುದ್ದಿ ತಿಳಿಯದೆ ಇರುವುದರಿಂದ ಬರುತ್ತದೆ. ಶನಿವಾರ ಪಾರ್ಕಿನಲ್ಲಿ ಮಕ್ಕಳ ಆಟ ಇದೆ ಎನ್ನುವುದು ಹಿಂದಿನ ಭಾನುವಾರ ಚರ್ಚಿನ ಪಡಸಾಲೆಯಲ್ಲಿ ಮಾತಾಗಿ ಹೋಗಿರುತ್ತದೆ. ನಿಮ್ಮನ್ನು ಬಿಡಬೇಕೆಂದು ಯಾರೂ ಬಿಟ್ಟಿರುವುದಿಲ್ಲ. ನೀವು ಅಲ್ಲಿರಲಿಲ್ಲ, ಅಷ್ಟೇ. ಅದರ ಮೇಲೆ ಅವರಿಗೆ ಸಮಯವೂ ಕಡಿಮೆ. ನೌಕರಿ, ನಾಲ್ಕೈದು ಮಕ್ಕಳು, ಕಾಲಿಂಗ್, ದೇವಾಲಯದ ಸೇವೆ. ಇಷ್ಟೆಲ್ಲ ಮುಗಿದ ಮೇಲೆ ಹೊಸ ಸ್ನೇಹಕ್ಕೆ ಉಳಿಯುವ ಗಂಟೆಗಳು ಕೆಲವೇ. ಯೂಟಾದಲ್ಲಿ ಬೇರೆ ಮತದವರು ಬಹಳ ದಿನಗಳಿಂದ ಹೇಳುತ್ತಾ ಬಂದಿರುವ ನೋವು ಇದು: ಎಲ್ಲರೂ ಕೈ ಬೀಸುತ್ತಾರೆ, ಊಟಕ್ಕೆ ಕರೆಯುವವರು ಕಡಿಮೆ.

ಈಗ ಆ ಬ್ರೆಡ್ಡಿನ ವಿಷಯ. ವಾರ್ಡಿನಲ್ಲಿ ಪ್ರತಿಯೊಂದು ಮನೆಯನ್ನು ವಿಚಾರಿಸಿಕೊಳ್ಳಲು ಇಬ್ಬಿಬ್ಬರನ್ನು ನೇಮಿಸುವ ಪದ್ಧತಿ ಇದೆ. 2018ರಿಂದ ಅದಕ್ಕೆ ಮಿನಿಸ್ಟರಿಂಗ್ ಎನ್ನುತ್ತಾರೆ. ಅದು ಸದಸ್ಯರ ಮನೆಗಳಿಗೆ ಎಂದಿದ್ದರೂ ಹೊಸ ನೆರೆಯವರ ಹೆಸರು ವಾರ್ಡಿನ ಸಭೆಯಲ್ಲಿ ಬರುವುದು ಉಂಟು. ಇದು ಗೊತ್ತಾದಾಗ ಕೆಲವರಿಗೆ ಬೇಸರವಾಗುತ್ತದೆ: ಅಯ್ಯೋ, ಯಾರೋ ಹೇಳಿ ಕಳಿಸಿದ್ದಕ್ಕೆ ಬಂದರಾ? ನಾನು ಹಾಗೆ ನೋಡುವುದಿಲ್ಲ. ನಸುಕಿನ ಚಳಿಯಲ್ಲಿ ಎದ್ದು ಸಲಿಕೆ ಹಿಡಿದು ಪಕ್ಕದ ಮನೆಯ ಹಿಮ ತೆಗೆಯುವುದು ಹೇಳಿ ಮಾಡಿಸಿದ ಕೆಲಸವಾದರೂ ಒಳ್ಳೆಯ ಕೆಲಸವೇ. ಅದೂ ಅಲ್ಲದೆ, ನೇಮಕದಿಂದ ಶುರುವಾದ ಎಷ್ಟೋ ಪರಿಚಯ ಗಟ್ಟಿ ಸ್ನೇಹವಾದದ್ದನ್ನು ನಾನು ಈ ಕಣಿವೆಯಲ್ಲಿ ಕಂಡಿದ್ದೇನೆ. ಸ್ಪಷ್ಟವಾಗಿ 'ಇಲ್ಲ' ಎಂದ ಮೇಲೆ ಮೆಲ್ಲಗೆ ಬರುವುದು ನಿಲ್ಲಿಸಿದವರನ್ನೂ ಕಂಡಿದ್ದೇನೆ. ಬೇಗ ಹೇಳಿಬಿಡಿ ಎನ್ನುವುದು ಇದಕ್ಕೇ. ಯಾರು ನಿಮ್ಮ ಸ್ನೇಹಿತರು ಎಂಬುದು ಆ ಮಾತಿನ ನಂತರ ತಿಳಿಯುತ್ತದೆ. ನನ್ನ ಅನುಭವದಲ್ಲಿ ಉಳಿದುಕೊಳ್ಳುವವರೇ ಹೆಚ್ಚು. ಕೆಲವರಿಗಂತೂ ನಿರಾಳವೂ ಆಗುತ್ತದೆ, ಕರೆಯಬೇಕೋ ಬೇಡವೋ ಎಂಬ ಒದ್ದಾಟ ಅವರಿಗೂ ಇರುತ್ತದೆ.

ಹೇಗೆ ಹೇಳುವುದು? ಸುತ್ತಿ ಬಳಸಿ ಬೇಡ. 'ನಾವು ಹಿಂದೂಗಳು, ನಮ್ಮ ದೇವರು, ನಮ್ಮ ಪೂಜೆ ನಮಗೆ ತುಂಬ ಪ್ರಿಯ. ಮತ ಬದಲಿಸುವ ಯೋಚನೆ ಇಲ್ಲ. ಆದರೆ ನಿಮ್ಮಂಥ ನೆರೆಯವರು ಸಿಕ್ಕಿದ್ದು ನಮ್ಮ ಪುಣ್ಯ. ಬೀದಿಯ ಊಟ, ಮಕ್ಕಳ ಆಟ, ಯಾರಿಗಾದರೂ ಸಹಾಯ ಅಂತ ಏನಿದ್ದರೂ ನಮ್ಮನ್ನೂ ಕರೆಯಿರಿ.' ಇದನ್ನು ಪಕ್ಕದ ಮನೆಯವರಿಗೆ ಒಮ್ಮೆ, ಬಿಷಪ್‌ಗೆ ಒಮ್ಮೆ ಹೇಳಿ. ಬಿಷಪ್‌ಗೆ ಹೇಳುವುದು ಮುಖ್ಯ, ಯಾಕೆಂದರೆ ಮಾತು ಅಲ್ಲಿಂದ ಉಳಿದವರಿಗೆ ಹೋಗುತ್ತದೆ. ಕೊನೆಯ ವಾಕ್ಯವನ್ನು ಮರೆಯಬೇಡಿ. ಅದಿಲ್ಲದೆ ಬರೀ 'ಇಲ್ಲ' ಎಂದರೆ, ಇವರಿಗೆ ತೊಂದರೆ ಕೊಡುವುದು ಬೇಡ ಎಂದು ಜನ ದೂರ ನಿಲ್ಲುತ್ತಾರೆ.

ಬಾಗಿಲು ತಟ್ಟುವ ಹುಡುಗಿಯರು ಮಿಷನರಿಗಳು, ಅಂದರೆ ಮತ ಸಾರಲು ಚರ್ಚ್ ಕಳಿಸಿದವರು. ಹುಡುಗರೂ ಹುಡುಗಿಯರೂ 18ಕ್ಕೆ ಹೋಗಬಹುದು, 2025ರ ತನಕ ಹುಡುಗಿಯರಿಗೆ 19 ಆಗಬೇಕಿತ್ತು. ಹುಡುಗರಿಗೆ 2 ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳ ಇಲ್ಲ, ಖರ್ಚನ್ನು ಅವರೋ ಮನೆಯವರೋ ಹೊರುತ್ತಾರೆ. ಯಾವ ಊರಿಗೆ ಹೋಗಬೇಕು ಎನ್ನುವುದನ್ನು ಚರ್ಚ್ ನಿರ್ಧರಿಸುತ್ತದೆ. ಹಾಗೆ ಬಂದ ಮಕ್ಕಳು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. 1993ರಿಂದ ಅಲ್ಲಿ ಅವರ ಒಂದು ಮಿಷನ್ ಇದೆ. ಮನೆ ಬಿಟ್ಟು ದೂರ ಬಂದಿರುವ ಚಿಕ್ಕ ವಯಸ್ಸಿನವರು. ಒಂದು ಲೋಟ ಪಾನಕ ಕೊಡಿ, ಊರು ಯಾವುದು ಎಂದು ಕೇಳಿ, ಪಾಠ ಬೇಡ ಎಂದು ಹೇಳಿ. ಬಾಗಿಲ ಹಿಂದೆ ಅಡಗಿಕೊಳ್ಳುವುದಕ್ಕಿಂತ ಇದು ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಈಗ ಮಗನ ಪ್ರಶ್ನೆ. ಅತ್ತೆಯವರಿಗೆ ಮೊದಲು ಇದನ್ನು ಹೇಳಿ: ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಚಿಕ್ಕ ಮಕ್ಕಳಿಗೆ ಬ್ಯಾಪ್ಟಿಸಂ ಕೊಡಬಾರದು ಎಂಬುದು ಆ ಚರ್ಚಿನದೇ ನಿಯಮ. ಯಾರೂ ಗುಟ್ಟಾಗಿ ಮಾಡಿಬಿಡುವುದಿಲ್ಲ. ಮಗ ಕೇಳುತ್ತಿರುವುದು ಮತದ ಪ್ರಶ್ನೆಯೂ ಅಲ್ಲ. ಗೆಳೆಯನಿಗೆ 8 ತುಂಬಿತು, ಬಿಳಿ ಬಟ್ಟೆ ಹಾಕಿದರು, ಅಜ್ಜ ಅಜ್ಜಿ ಬಂದರು, ಎಲ್ಲರೂ ಅವನನ್ನೇ ನೋಡಿದರು. ಅಂಥದ್ದು ತನಗೂ ಬೇಕು ಎನ್ನುತ್ತಿದ್ದಾನೆ. ಅವನನ್ನು ಗದರಬೇಡಿ. ಅದು ಅವರ ಮನೆಯ ಪದ್ಧತಿ, ನಮ್ಮಲ್ಲಿ ಬೇರೆ ಎಂದು ಹೇಳಿ, ಹೇಳಿದ್ದನ್ನು ಮಾಡಿ ತೋರಿಸಿ. ಅವನ ಹುಟ್ಟುಹಬ್ಬಕ್ಕೆ ಸೌತ್ ಜೋರ್ಡನ್‌ನಲ್ಲಿರುವ ಗಣೇಶ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಚನೆ ಮಾಡಿಸಿ, ಅದೇ ಗೆಳೆಯನನ್ನೂ ಅವನ ಮನೆಯವರನ್ನೂ ಕರೆಯಿರಿ. ಗೆಳೆಯನ ಬ್ಯಾಪ್ಟಿಸಂಗೆ ಕರೆ ಬಂದರೆ ಖಂಡಿತ ಹೋಗಿ. ಅದು ಅವರ ಸಭಾಮಂದಿರದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಕೂತು ನೋಡಬಹುದು, ನೀವು ಏನೂ ಮಾಡಬೇಕಾಗಿಲ್ಲ. ಮನೆಯ ಆಚರಣೆ ಗಟ್ಟಿಯಾಗಿದ್ದರೆ ಪಕ್ಕದ ಮನೆಯ ಆಚರಣೆ ನೋಡಿ ಮಗು ಕಳೆದುಹೋಗುವುದಿಲ್ಲ. ಮನೆಯಲ್ಲಿ ಏನೂ ಇಲ್ಲದೆ ಬರೀ 'ಅದು ಬೇಡ' ಎಂದರೆ ಮಗುವಿನ ಕೈಗೆ ಏನೂ ಸಿಗುವುದಿಲ್ಲ.

ಮಗಳದು ಇದಕ್ಕಿಂತ ಕಷ್ಟ, ನನಗೆ ಜಾಸ್ತಿ ಯೋಚನೆ ಇರುವುದೂ ಅವಳ ಬಗ್ಗೆಯೇ. ಸ್ಕೂಲಿನ ಪಕ್ಕದ ಕಟ್ಟಡ ಸೆಮಿನರಿ. ಅದು ಚರ್ಚಿನ ಸ್ವಂತ ಜಾಗ. 1912ರಲ್ಲಿ ಸಾಲ್ಟ್ ಲೇಕ್ ಸಿಟಿಯ ಗ್ರಾನೈಟ್ ಹೈಸ್ಕೂಲ್ ಪಕ್ಕ ಮೊದಲನೆಯದು ಶುರುವಾಯಿತು, ಈಗ ಯೂಟಾದ ಬಹುತೇಕ ಹೈಸ್ಕೂಲುಗಳ ಪಕ್ಕ ಅಂಥದ್ದು ಇರುತ್ತದೆ. ಪೋಷಕರ ಒಪ್ಪಿಗೆ ಮೇಲೆ ಮಕ್ಕಳು ಒಂದು ಪೀರಿಯಡ್ ಅಲ್ಲಿಗೆ ಹೋಗಿ ಧರ್ಮಗ್ರಂಥ ಓದಿ ಬರುತ್ತಾರೆ. ಬೇರೆ ಮತದ ಮಕ್ಕಳೂ ಸೇರಬಹುದು. ಬರೀ ಜೊತೆ ಸಿಗಲಿ ಎಂದು ಅವಳನ್ನು ಅಲ್ಲಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಪಾಠದ ಜಾಗ, ನಂಬಿಕೆ ಕಲಿಸುವ ಜಾಗ. ಒಂಟಿತನಕ್ಕೆ ಮದ್ದು ಅಂತ ಹೋದರೆ ಮಗುವಿಗೂ ಗೊಂದಲ, ಕಲಿಸುವವರಿಗೂ ತಪ್ಪು ಆಸೆ. ಅವಳಿಗೇ ಕುತೂಹಲ ಇದ್ದರೆ ಅದು ಬೇರೆ ಮಾತು. ಆಗ ಕೂತು ಮಾತಾಡಿ.

ಬುಧವಾರ ಸಂಜೆಯದು ಹಾಗಲ್ಲ. ಅದು ಹದಿಹರೆಯದವರ ಚಟುವಟಿಕೆಯ ಸಂಜೆ. ಬ್ಯಾಸ್ಕೆಟ್‌ಬಾಲ್, ಅಡುಗೆ, ವೃದ್ಧರಿಗೆ ಸಹಾಯ ಹೀಗೆ ಏನೇನೋ. ಶುರುವಿನಲ್ಲಿ ಒಂದು ಪ್ರಾರ್ಥನೆ ಇರುತ್ತದೆ. ಅಲ್ಲಿಗೆ ಕಳಿಸಲು ನಾನು ಹೆದರುವುದಿಲ್ಲ. ಗೆಳತಿಯ ಅಮ್ಮನಿಗೆ ನೇರವಾಗಿ ಹೇಳಿ: 'ನಮ್ಮ ಹುಡುಗಿ ಚಟುವಟಿಕೆಗಳಿಗೆ ಬರುತ್ತಾಳೆ, ಪಾಠಗಳಿಗೆ ಬರುವುದಿಲ್ಲ.' ಬೇಸಿಗೆಯಲ್ಲಿ ಹುಡುಗಿಯರ ಕ್ಯಾಂಪ್ ಇರುತ್ತದೆ. ಅದಕ್ಕೆ ಕರೆದರೆ ಸ್ವಲ್ಪ ವಿಚಾರಿಸಿ, ಅಲ್ಲಿ ರಾತ್ರಿ ಬೆಂಕಿಯ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ನಂಬಿಕೆಯ ಬಗ್ಗೆ ಮನಬಿಚ್ಚಿ ಮಾತಾಡುವುದು ಸಾಮಾನ್ಯ. ಮನಸ್ಸು ಮೆತ್ತಗಾಗುವ ಹೊತ್ತು ಅದು. ಅವಳಿಗೆ ಮೊದಲೇ ತಿಳಿಸಿ ಕಳಿಸಿದರೆ ಸಾಕು.

ಇನ್ನೊಂದು ಮಾತು. ಅವಳ ಗೆಳೆತನವೆಲ್ಲ ಒಂದೇ ವಾರ್ಡಿನೊಳಗೆ ಇರದ ಹಾಗೆ ನೋಡಿಕೊಳ್ಳಿ. ಹುಡುಗರು 18ಕ್ಕೆ ಮಿಷನ್‌ಗೆ ಹೊರಡುತ್ತಾರೆ, ಹುಡುಗಿಯರಲ್ಲೂ ಹಲವರು ಹೋಗುತ್ತಾರೆ, ಬೇಗ ಮದುವೆಯೂ ಆಗುತ್ತದೆ. ಇಡೀ ಗುಂಪು ಒಂದೇ ಸಲ ಖಾಲಿಯಾದಾಗ ಹೊರಗಿನ ಹುಡುಗಿಗೆ ತುಂಬ ನೋವಾಗುತ್ತದೆ. ಸಂಗೀತ, ಡಿಬೇಟ್, ರೋಬೋಟಿಕ್ಸ್, ಭರತನಾಟ್ಯ, ಅವಳಿಗೆ ಯಾವುದು ಇಷ್ಟವೋ ಅದರಲ್ಲಿ ಬೇರೆ ಬೇರೆ ಬೀದಿಯ, ಬೇರೆ ಮತದ ಮಕ್ಕಳು ಸಿಗುತ್ತಾರೆ. ಈ ಒಂದು ಕೆಲಸವನ್ನು ಮುಂದೂಡಬೇಡಿ.

ನಿಮಗಿಂತ ಮೊದಲು ಇಲ್ಲಿ ಬೇರೆ ಮತದವರು ಹೇಗೆ ಬಾಳಿದರು ಎನ್ನುವುದನ್ನೂ ಸ್ವಲ್ಪ ತಿಳಿದುಕೊಳ್ಳಿ, ನೆರೆಯವರ ಸ್ವಭಾವ ಅರ್ಥವಾಗುತ್ತದೆ. ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚ್ ಶುರು ಮಾಡಿದ್ದು 1830ರಲ್ಲಿ. ಹೋದಲ್ಲೆಲ್ಲ ಇವರನ್ನು ಓಡಿಸಿದರು. 1838ರಲ್ಲಿ ಮಿಸೌರಿಯ ಗವರ್ನರ್ ಇವರನ್ನು ರಾಜ್ಯದಿಂದ ಅಟ್ಟಬೇಕು, ಇಲ್ಲವೇ ನಿರ್ನಾಮ ಮಾಡಬೇಕು ಎಂದು ಆದೇಶವನ್ನೇ ಹೊರಡಿಸಿದ. ಅದನ್ನು ವಿಧಿವತ್ತಾಗಿ ರದ್ದು ಮಾಡಿದ್ದು 1976ರಲ್ಲಿ! 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿನಲ್ಲಿ ಜನರ ಗುಂಪು ನುಗ್ಗಿ ಸ್ಮಿತ್‌ನನ್ನು ಕೊಂದಿತು. ಬ್ರಿಗಮ್ ಯಂಗ್ ಉಳಿದವರನ್ನು ಕರೆದುಕೊಂಡು 1847ರ ಜುಲೈ 24ರಂದು ಸಾಲ್ಟ್ ಲೇಕ್ ಕಣಿವೆಗೆ ಬಂದ. ಇವತ್ತಿಗೂ ಆ ದಿನ ಯೂಟಾದಲ್ಲಿ ರಜೆ, ಮೆರವಣಿಗೆ. ಬರಡು ನೆಲದಲ್ಲಿ ಒಬ್ಬರನ್ನೊಬ್ಬರು ಆಧರಿಸದೆ ಬದುಕಲು ಸಾಧ್ಯವಿರಲಿಲ್ಲ. ಇಂದಿನ ವಾರ್ಡಿನ ಬಿಗಿ ಆ ಕಾಲದಿಂದ ಬಂದದ್ದು.

ಆಮೇಲೆ ಸೈನಿಕರು, ಗಣಿ ಕೆಲಸದವರು, ವ್ಯಾಪಾರಿಗಳು ಬಂದರು. 1869ರಲ್ಲಿ ರೈಲೂ ಬಂತು. ಹೊರಗಿನ ಅಂಗಡಿಗಳಲ್ಲಿ ಕೊಳ್ಳಬೇಡಿ ಎಂದು ಚರ್ಚಿನ ನಾಯಕರು ಹೇಳಿದರು, 1868ರಲ್ಲಿ ತಮ್ಮದೇ ಸಹಕಾರಿ ಅಂಗಡಿ ಸಂಸ್ಥೆ ಸ್ಥಾಪಿಸಿದರು. ಹೊರಗಿನವರು ಕೊರಿನ್ ಎಂಬ ಬೇರೆ ಊರನ್ನೇ ಕಟ್ಟಿಕೊಂಡರು. ಬಹುಪತ್ನಿತ್ವದ ಜಗಳ ಬೇರೆ ಇತ್ತು. 1890ರಲ್ಲಿ ಚರ್ಚ್ ಅದನ್ನು ಬಿಡುವುದಾಗಿ ಘೋಷಿಸಿತು, 1896ರಲ್ಲಿ ಯೂಟಾ ರಾಜ್ಯವಾಯಿತು. ಇಷ್ಟೆಲ್ಲ ಬಿಗಿ ಇದ್ದಾಗಲೂ ಜನ ಒಬ್ಬರಿಗೊಬ್ಬರು ಆಗಿ ಬಂದ ಉದಾಹರಣೆಗಳಿವೆ. ಬ್ರಿಗಮ್ ಯಂಗ್ ಯಹೂದಿಗಳ ಸ್ಮಶಾನಕ್ಕೆ ಜಾಗ ಕೊಟ್ಟ. 1879ರಲ್ಲಿ ಸೇಂಟ್ ಜಾರ್ಜ್ ಊರಿನ ಮಾರ್ಮನ್ನರು ಟ್ಯಾಬರ್ನಾಕಲ್ ಎಂಬ ತಮ್ಮ ದೊಡ್ಡ ಸಭಾಭವನವನ್ನು ಕ್ಯಾಥೊಲಿಕ್ ಪಾದ್ರಿ ಲಾರೆನ್ಸ್ ಸ್ಕ್ಯಾನ್ಲನ್ ಅವರ ಪೂಜೆಗೆ ಬಿಟ್ಟುಕೊಟ್ಟರು. ಲ್ಯಾಟಿನ್ ಗೊತ್ತಿಲ್ಲದ ಮಾರ್ಮನ್ ಹಾಡುಗಾರರು ಅದನ್ನು ಕಲಿತು ಆ ಪೂಜೆಯಲ್ಲಿ ಹಾಡಿದರು. 1916ರಲ್ಲಿ ಸೈಮನ್ ಬಾಂಬರ್ಗರ್ ಎಂಬ ಯಹೂದಿಯನ್ನು ಯೂಟಾದ ಜನ ಗವರ್ನರ್ ಮಾಡಿದರು.

ಒಂದು ವಿಷಯ ನಮ್ಮವರು ಗಮನಿಸುವುದಿಲ್ಲ. ಮಾರ್ಮನ್ನರಿಗೂ ಉಳಿದ ಕ್ರೈಸ್ತರಿಗೂ ಹಳೆಯ ತಕರಾರಿದೆ. ಹಲವು ಕ್ರೈಸ್ತ ಪಂಥಗಳು ಇವರನ್ನು ಕ್ರೈಸ್ತರೆಂದೇ ಒಪ್ಪುವುದಿಲ್ಲ. ಇವರ ಬ್ಯಾಪ್ಟಿಸಂ ತಮಗೆ ಸಿಂಧುವಲ್ಲ ಎಂದು ವ್ಯಾಟಿಕನ್ 2001ರಲ್ಲಿ ಹೇಳಿತು. ಮಾರ್ಮನ್ನರೂ ತಮ್ಮದೇ ಮರಳಿ ಸ್ಥಾಪಿತವಾದ ನಿಜವಾದ ಚರ್ಚ್ ಎನ್ನುತ್ತಾರೆ. ಹಿಂದೂಗಳ ಜೊತೆ ಅವರಿಗೆ ಇಂಥ ಹಳೆಯ ಲೆಕ್ಕ ಯಾವುದೂ ಇಲ್ಲ. ಅವರು ನಿಮ್ಮನ್ನು ಕಾಣುವುದು ಹೆಚ್ಚಾಗಿ ಕುತೂಹಲದಿಂದ. ಬ್ಯಾಪ್ಟಿಸ್ಟ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಪಕ್ಕದ ಮನೆಯವರಿಗಿಂತ ನಿಮಗೆ ಸ್ನೇಹದ ದಾರಿ ಎಷ್ಟೋ ಸಲೀಸು.

ಇದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಮನೆಯಿಂದ ಸ್ವಲ್ಪ ದಕ್ಷಿಣಕ್ಕೆ, ಸ್ಪ್ಯಾನಿಷ್ ಫೋರ್ಕ್ ಊರಿನಲ್ಲಿದೆ. ಅಲ್ಲಿನ ದಿಬ್ಬದ ಮೇಲೆ ರಾಧಾಕೃಷ್ಣ ದೇವಸ್ಥಾನ ಇದೆ. ಹರೇ ಕೃಷ್ಣ ಭಕ್ತರಾದ ಚಾರು ದಾಸ್ ಮತ್ತು ಅವರ ಪತ್ನಿ ವೈಭವಿ ಕಟ್ಟಿದ್ದು. ಅವರು 1980ರ ದಶಕದಲ್ಲಿ ಒಂದು ಸಣ್ಣ ರೇಡಿಯೋ ಸ್ಟೇಷನ್ ಇಟ್ಟುಕೊಂಡು ಆ ಊರಿಗೆ ಬಂದರು. ಸುತ್ತ ಎಲ್ಲಿ ನೋಡಿದರೂ ಮಾರ್ಮನ್ನರು. ದೇವಸ್ಥಾನ ಕಟ್ಟಲು ಹೊರಟಾಗ ಮಾರ್ಮನ್ ಚರ್ಚಿನ ಪ್ರತಿಷ್ಠಾನ 25,000 ಡಾಲರ್ ಕೊಟ್ಟಿತು. ಅಕ್ಕಪಕ್ಕದ ಮಾರ್ಮನ್ನರು ಬಂದು ಕೈಯಾರೆ ಕೆಲಸ ಮಾಡಿದರು. 2001ರಲ್ಲಿ ದೇವಸ್ಥಾನ ತೆರೆಯಿತು. ವಸಂತದಲ್ಲಿ ಅಲ್ಲಿ ನಡೆಯುವ ಹೋಳಿ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಾರೆ. ಬಂದವರಲ್ಲಿ ಬಹುಪಾಲು ಪ್ರೊವೋ ಊರಿನಲ್ಲಿ ಈ ಚರ್ಚೇ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಾರ್ಮನ್ ವಿದ್ಯಾರ್ಥಿಗಳೇ. ಯಾಕೆ ಗೊತ್ತಾ? ಅಲ್ಲಿ ಹೆಂಡವಿಲ್ಲ, ಸಿಗರೇಟಿಲ್ಲ, ಮಾಂಸವಿಲ್ಲ. ಬಣ್ಣ, ಹಾಡು, ಕುಣಿತ ಮಾತ್ರ. ಕುಡಿಯದ ಹುಡುಗ ಹುಡುಗಿಯರಿಗೆ ಅಂಥ ಹಬ್ಬ ಬೇರೆ ಎಲ್ಲಿ ಸಿಗುತ್ತದೆ? ಬಣ್ಣ ಮೆತ್ತಿಕೊಂಡ ಮುಖದಲ್ಲಿ ಕೈಯೆತ್ತಿ 'ಹರೇ ಕೃಷ್ಣ' ಎನ್ನುವ ಆ ಮಕ್ಕಳು ಮರುದಿನ ತಮ್ಮ ವಾರ್ಡಿಗೆ ಹೋಗುತ್ತಾರೆ. ಅವರ ನಂಬಿಕೆಗೆ ಏನೂ ಆಗುವುದಿಲ್ಲ. ಈ ಚಿತ್ರವನ್ನು ನಿಮ್ಮ ಯಜಮಾನರಿಗೆ ಒಮ್ಮೆ ಖುದ್ದಾಗಿ ತೋರಿಸಿ. ಇನ್ನೊಬ್ಬರ ಹಬ್ಬಕ್ಕೆ ಹೋಗಿ ಬರುವುದು ಅಂದರೆ ಏನೆಂದು ನಾನು ವಿವರಿಸುವುದಕ್ಕಿಂತ ಅದು ಚೆನ್ನಾಗಿ ವಿವರಿಸುತ್ತದೆ.

ಮತ ಸಾರಬಾರದು ಎಂಬ ಮಾತಿಗೆ ಈ ಚರ್ಚ್ ಒಪ್ಪಿಕೊಂಡದ್ದೂ ಇದೆ. ಜೆರುಸಲೇಮಿನಲ್ಲಿ ಅದೇ ವಿಶ್ವವಿದ್ಯಾಲಯದ ಕೇಂದ್ರ ಕಟ್ಟುವಾಗ ಯಹೂದಿಗಳ ದೊಡ್ಡ ವಿರೋಧ ಬಂತು. ಇಲ್ಲಿ ಯಾರಿಗೂ ನಮ್ಮ ಮತ ಸಾರುವುದಿಲ್ಲ ಎಂದು ಲಿಖಿತವಾಗಿ ಕೊಟ್ಟ ಮೇಲೆಯೇ ಅದು ನಡೆಯಿತು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಇವತ್ತಿಗೂ ಆ ಷರತ್ತಿಗೆ ಬದ್ಧರು. ಹಾಗಾಗಿ ನೀವು ಗೆರೆ ಎಳೆದರೆ ಅವರಿಗೆ ಅದು ಅರ್ಥವಾಗದ ವಿಷಯವೇನಲ್ಲ.

ಎಷ್ಟು ಹತ್ತಿರ ಹೋಗಬಹುದು ಎಂದು ಕೇಳಿದ್ದೀರಿ. ಭಾನುವಾರದ ಸಭೆಗೆ ಒಮ್ಮೆ ಹೋಗಿ ನೋಡುವುದರಲ್ಲಿ ತಪ್ಪೇನಿಲ್ಲ. ಒಂದು ಗಂಟೆ ಮುಖ್ಯ ಸಭೆ, ಆಮೇಲೆ ತರಗತಿಗಳು. ಸದಸ್ಯರೇ ಎದ್ದು ಮಾತಾಡುತ್ತಾರೆ. ಮಕ್ಕಳ ಗಲಾಟೆ ಜೋರಾಗಿರುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾಣಿಕೆ ತಟ್ಟೆ ಬರುವುದಿಲ್ಲ. ಬ್ರೆಡ್ಡಿನ ಚೂರು, ಆಮೇಲೆ ಪುಟ್ಟ ಲೋಟಗಳಲ್ಲಿ ನೀರು ಸಾಲಿನಲ್ಲಿ ಬರುತ್ತದೆ. ಅದು ಅವರ ಸಂಸ್ಕಾರ, ನೀವು ತೆಗೆದುಕೊಳ್ಳದೆ ಮುಂದಿನವರಿಗೆ ಕೊಡಿ. ವಾರ್ಡಿನ ಸಭಾಮಂದಿರ ಬೇರೆ, ಅವರ ದೇವಾಲಯ ಬೇರೆ. ಮೇಲೆ ಚಿನ್ನದ ಬಣ್ಣದ ಮೂರ್ತಿ ಇರುವ ದೊಡ್ಡ ಕಟ್ಟಡಗಳನ್ನು ನೋಡಿರುತ್ತೀರಿ. ಅದರೊಳಗೆ ಅನುಮತಿಪತ್ರ ಇರುವ ಸದಸ್ಯರಿಗೆ ಮಾತ್ರ ಪ್ರವೇಶ. ಮುಂದೆ ಮಗಳ ಗೆಳತಿಯ ಮದುವೆ ದೇವಾಲಯದಲ್ಲಾದರೆ ನಿಮ್ಮನ್ನು ಆರತಕ್ಷತೆಗೆ ಮಾತ್ರ ಕರೆಯುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚರ್ಚಿನ ಹೊರಗಿರುವ ಸ್ವಂತ ಅಪ್ಪ ಅಮ್ಮನಿಗೂ ಒಳಗೆ ಪ್ರವೇಶವಿಲ್ಲ. ಇದು ಎಷ್ಟೋ ಮನೆಗಳಲ್ಲಿ ಕಣ್ಣೀರು ತರಿಸಿದೆ. 2019ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು, ಈಗ ಎಲ್ಲರೆದುರು ಮದುವೆಯಾಗಿ ಆಮೇಲೆ ಕಾಯದೆ ದೇವಾಲಯಕ್ಕೆ ಹೋಗಬಹುದು. ನನ್ನ ಪ್ರಕಾರ ಬಹಳ ಹಿಂದೆಯೇ ಆಗಬೇಕಿದ್ದ ಬದಲಾವಣೆ. ಹೊಸ ದೇವಾಲಯವನ್ನು ಪ್ರತಿಷ್ಠೆಗೆ ಮೊದಲು ಕೆಲವು ದಿನ ಎಲ್ಲರಿಗೂ ತೆರೆದಿಡುತ್ತಾರೆ, ಆಗ ಹೋಗಿ ನೋಡಿ. ಭಾರತದ ಮೊದಲ ದೇವಾಲಯವನ್ನು ಬೆಂಗಳೂರಿಗೆ ಎಂದು 2018ರಲ್ಲಿ ಘೋಷಿಸಿ 2020ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿದರು.

ಅತ್ತೆಯವರು ಬಂದಾಗ ಅವರನ್ನು ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಲೈಬ್ರರಿಗೆ ಕರೆದುಕೊಂಡು ಹೋಗಿ. ವಂಶವೃಕ್ಷ ಹುಡುಕುವ ಜಾಗ, ಚರ್ಚ್ ನಡೆಸುತ್ತದೆ, ಎಲ್ಲ ಮತದವರಿಗೂ ಉಚಿತ. ಹರಿದ್ವಾರದ ಪಂಡರ ಹತ್ತಿರ ಇರುವ ವಂಶಾವಳಿಯ ವಹಿಗಳನ್ನೂ ಇವರು ಹಿಂದೆ ಫಿಲ್ಮ್ ಮಾಡಿಟ್ಟಿದ್ದಾರೆ. ಒಂದು ಎಚ್ಚರಿಕೆ ಇರಲಿ. ತೀರಿಹೋದ ತಮ್ಮ ಹಿರಿಯರ ಪರವಾಗಿ ಬ್ಯಾಪ್ಟಿಸಂ ಮಾಡುವ ಪದ್ಧತಿ ಅವರಲ್ಲಿದೆ. ನಾಜಿಗಳು ಕೊಂದ ಯಹೂದಿಗಳ ಹೆಸರಿನಲ್ಲೂ ಹಾಗೆ ಮಾಡಿದ್ದು ದೊಡ್ಡ ನೋವಾಗಿ, 1995ರಲ್ಲಿ ಒಪ್ಪಂದ ಆಯಿತು. ಸ್ವಂತ ಪೂರ್ವಜರಿಗೆ ಮಾತ್ರ ಮಾಡಬೇಕು ಎಂಬುದು ಚರ್ಚಿನ ನಿಯಮ. ನಿಮ್ಮ ಹಿರಿಯರ ಹೆಸರುಗಳನ್ನು ಅವರ ವೆಬ್‌ಸೈಟಿಗೆ ಸೇರಿಸುವ ಮೊದಲು ಇದು ಗೊತ್ತಿರಲಿ.

ಯೂಟಾದಲ್ಲಿ ನಿಮಗೆ ಸಿಗುವ ಮಾರ್ಮನ್ ಅಲ್ಲದ ಎಷ್ಟೋ ಜನ ಹಿಂದೆ ಮಾರ್ಮನ್ನರಾಗಿದ್ದವರು. ಅವರ ಗಾಯ ಆಳವಾದದ್ದು, ಅದಕ್ಕೆ ಕಾರಣಗಳೂ ಇವೆ. ಚರ್ಚ್ ಬಿಟ್ಟರೆ ಮನೆಯವರ ಜೊತೆಗಿನ ಸಂಬಂಧವೇ ಬದಲಾಗುತ್ತದೆ. ಪ್ರೀತಿಯಿಂದ ಕೇಳಿಸಿಕೊಳ್ಳಿ. ಆದರೆ ಅವರ ಕೋಪವನ್ನು ನಿಮ್ಮ ಮನೆಗೆ ತರಬೇಡಿ. ನಿಮ್ಮ ನೆರೆಯವರು ನಿಮಗೆ ಮಾಡಿದ್ದು ಬೇರೆ.

ಕೊನೆಗೆ ಕರೆಯುವ, ಉಣ್ಣುವ ವಿಷಯ. ಸಂಬಂಧ ಬೆಳೆಯುವುದು ಅಲ್ಲಿಯೇ ಅಲ್ವಾ? ಇಲ್ಲಿಯವರೆಗೆ ಅವರು ಕೊಟ್ಟರು, ನೀವು ತೆಗೆದುಕೊಂಡಿರಿ. ಈಗ ನೀವು ಕರೆಯಿರಿ. ಅವರು ಕಾಫಿ, ಟೀ, ಮದ್ಯ ಮುಟ್ಟುವುದಿಲ್ಲ, 1833ರಿಂದ ಬಂದ ನಿಯಮ ಅದು. ನಿಮ್ಮ ಫಿಲ್ಟರ್ ಕಾಫಿಯನ್ನು ಅವಿತು ಕುಡಿಯುವ ಅಗತ್ಯ ಇಲ್ಲ. ಅವರಿಗೆ ಮಜ್ಜಿಗೆ, ಬಾದಾಮಿ ಹಾಲು, ನಿಂಬೆ ಶರಬತ್ತು ಕೊಡಿ. ಭಾನುವಾರ ಪಾರ್ಟಿ, ಆಟ, ಅಂಗಡಿ ಎಲ್ಲ ಬಿಡುವ ಮನೆಗಳು ಬಹಳ. ಸೋಮವಾರ ಸಂಜೆ ಮನೆಯವರೊಂದಿಗೇ ಕಳೆಯುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಆ ಊಟದ ಹಣ ಬಡವರಿಗೆ. ಹಾಗಾಗಿ ಮಗನ ಹುಟ್ಟುಹಬ್ಬವನ್ನೂ ಗಣೇಶ ಹಬ್ಬದ ಊಟವನ್ನೂ ಶನಿವಾರಕ್ಕೆ ಇಟ್ಟುಕೊಳ್ಳಿ, ಮನೆ ತುಂಬುತ್ತದೆ. ನೀವು ಅವರ ಕಡೆ ಊಟಕ್ಕೆ ಹೋದಾಗ, ಸಸ್ಯಾಹಾರಿಗಳಾದರೆ, ಎರಡು ತಿನಿಸು ವಿಚಾರಿಸಿಯೇ ತಿನ್ನಿ. ಚೀಸ್ ಹಾಕಿ ಓವನ್‌ನಲ್ಲಿ ಮಾಡುವ ಆಲೂಗೆಡ್ಡೆಗೆ ಚಿಕನ್ ಸೂಪ್ ಬೆರೆಸುವುದು ಉಂಟು. ಎಲ್ಲ ಕೂಟದಲ್ಲೂ ಕಾಣುವ ಬಣ್ಣದ ಜೆಲ್ಲೊದಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಮೊದಲೇ ಒಂದು ಮಾತು ಹೇಳಿದರೆ ಸಾಕು, ನಿಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿ ಹೆಸರು ಬರೆದಿಡುತ್ತಾರೆ.